ಹಕ್ಕಲು ನಿಂತ ವರ್ಷ

ಬಿ.ಜಿ. ಕೆರೆಯ ಮುರುಗೇಂದ್ರಪ್ಪ ಲಿಂಗಕ್ಕೆ ನೀರೆರೆಯದೆ ಬಾಯಿಗೆ ತೊಟ್ಟು ನೀರು ಬಿಟ್ಟುಕೊಂಡವನಲ್ಲ. ಶೇಂಗಾ ಕಿತ್ತ ಮೇಲೆ ಮೂರು ದಿನ ಹೊಲಕ್ಕೆ ನೇಗಿಲು ಇಳಿಸಿದವನೂ ಅಲ್ಲ. ಆ ಮೂರು ದಿನ ಹೊಲ ಹಕ್ಕಲಾಯುವವರದು. ಬಳ್ಳಿಯಿಂದ ಕಳಚಿ ಮಣ್ಣಲ್ಲಿ ಉಳಿದ ಕಾಯಿ, ಯಾರು ಕೆದಕಿ ತೆಗೆದರೋ ಅವರ ಮಡಿಲಿಗೆ. ತಾತನ ಕಾಲದಿಂದ ನಡೆದು ಬಂದದ್ದು.

ಅದು ಮುರಿದದ್ದು ಒಂದು ವಾದದಲ್ಲಿ.

ಚಂದ್ರಣ್ಣ ಅವನ ಜೊತೆ ಒಂದೇ ಹಲಗೆಯಲ್ಲಿ ಕೂತು ಓದಿದವನು. ಈಗ ಚಳ್ಳಕೆರೆಯಲ್ಲಿ ಹಮಾಲರ ಸಂಘ ಕಟ್ಟಿ ಕೆಂಪು ಬಾವುಟ ಹಿಡಿದಿದ್ದ. ಊರಿಗೆ ಬಂದಾಗಲೆಲ್ಲ ಇಬ್ಬರೂ ಹೊಲದ ಬದುವಿನ ಮೇಲೆ ಕೂತು, ಬಡತನ ಹೋಗೋದು ಹೆಂಗೆ ಅಂತ ಜಗಳ ತೆಗೆಯೋರು. ದುಡಿಯೋ ಕೈ ತಾನೇ ಮೇಲೇಳುತ್ತೆ, ಸರ್ಕಾರ ಪುಕ್ಕಟೆ ಕೊಟ್ಟಷ್ಟೂ ಮನುಷ್ಯ ಮೆತ್ತಗಾಗ್ತಾನೆ ಅಂತ ಮುರುಗೇಂದ್ರಪ್ಪ. ಭೂಮಿಯೆಲ್ಲ ನಿನ್ನಂಥವರ ಹತ್ರ ಇದ್ರೆ ಬರೀ ಕೈ ದುಡಿದು ಏನು ಮಾಡೀತು, ಸರ್ಕಾರವೇ ನಡುವೆ ನಿಂತು ಹಂಚಬೇಕು ಅಂತ ಚಂದ್ರಣ್ಣ. ಅವತ್ತು ಎದುರಿಗೇ, ಹಕ್ಕಲಾಯಲು ಬಂದ ಅದೇ ಊರಿನ ಕಾಟಮ್ಮನೂ ಇನ್ನೂ ನಾಲ್ಕು ಹೆಣ್ಣುಮಕ್ಕಳೂ ಕುಕ್ಕರುಗಾಲಲ್ಲಿ ಕೂತು ಮಣ್ಣು ಕೆದಕುತ್ತಿದ್ದರು.

"ಪುಕ್ಕಟೆ ಕೊಡಬಾರ್ದು ಅಂತೀಯಲ್ಲ, ಇದೇನಲೇ ಹಂಗಾದ್ರೆ?" ಅಂದ ಚಂದ್ರಣ್ಣ. "ನೀನು ಬಿಟ್ಟದ್ದನ್ನ ಅವರು ಆಯ್ಕಬೇಕು. ಇದು ಧರ್ಮ ಅಲ್ಲ, ಎಂಜಲು."

ಮುರುಗೇಂದ್ರಪ್ಪನ ಎದೆಗೆ ಚುಚ್ಚಿತು. "ಆಯ್ತು ಬಿಡಲೇ. ಆಯ್ದ ಕಾಯಿ ನನ್ನ ಚೀಲಕ್ಕೆ, ದಿನಗೂಲಿ ಅವರ ಕೈಗೆ. ನಿಂದೂ ನಡೀತು, ನಂದೂ ನಡೀತು."

ಮೂವತ್ತು ವರ್ಷದಲ್ಲಿ ಇಬ್ಬರೂ ಒಪ್ಪಿದ್ದು ಅದೊಂದೇ ಮಾತು. ಗೆದ್ದವನು ತಾನೇ ಅಂತ ಇಬ್ಬರೂ ನಕ್ಕರು. ಸುದ್ದಿ ಕೇಳಿ ಕಾಟಮ್ಮ ಎದ್ದು ಬಂದಳು. ಮಡಿಲು ಬಿಚ್ಚಿ ಚೀಲಕ್ಕೆ ಸುರಿದಳು. ಚೀಲಗಳು ಚಳ್ಳಕೆರೆಯ ಎಣ್ಣೆ ಮಿಲ್ಲಿಗೆ ಹೋದವು.

ಮುಂದಿನ ಮುಂಗಾರು ಚೆನ್ನಾಗಿ ಬಿತ್ತು. ಗುಡಿಗೆ ಹೊರಟ ಮುರುಗೇಂದ್ರಪ್ಪ ನೋಡುತ್ತಾನೆ, ಸುತ್ತ ಎಲ್ಲರೂ ಶೇಂಗಾ ಬಿತ್ತುತ್ತಿದ್ದಾರೆ, ಕಾಟಮ್ಮ ತನ್ನ ಅರ್ಧ ಎಕರೆಗೆ ಹುರುಳಿ ಚೆಲ್ಲುತ್ತಿದ್ದಾಳೆ. ಯಾಕವ್ವ ಅಂತ ಕೇಳಿದ.

"ಬೀಜ ಇಲ್ಲ ಗೌಡ್ರೆ. ವರ್ಷಾವರ್ಷ ನಿಮ್ಮ ಹೊಲದ ಹಕ್ಕಲೇ ನನಗೆ ಬೀಜ. ಒಂದು ಕಾಯಿ ಬಾಯಿಗೆ ಹಾಕ್ತಿರಲಿಲ್ಲ, ಗುಡಾಣದಾಗೆ ಇಡ್ತಿದ್ದೆ. ಕೂಲಿ ಅವತ್ತಿನ ಸಂತೆಗೇ ಸರಿಹೋಯ್ತು."

ಅವನು ಗುಡಿಗೆ ಹೋಗಲಿಲ್ಲ. ಚಂದ್ರಣ್ಣನಿಗೆ ಫೋನು ಮಾಡಿದ. ಸರ್ಕಾರದ ಬೀಜ ಕೊಡಿಸ್ತೀನಿ ಅಂತ ಅವನು ಓಡಾಡಿದ. ಕಾಟಮ್ಮನ ಹೊಲದ ಪಹಣಿ ಇನ್ನೂ ಸತ್ತ ಮಾವನ ಹೆಸರಲ್ಲಿತ್ತು, ಆಗಲಿಲ್ಲ. ಸಂಜೆ ಫೋನಿನಲ್ಲಿ ಇಬ್ಬರೂ ಬೈದಾಡಲಿಲ್ಲ. ಚಂದ್ರಣ್ಣ, "ಅವಳನ್ನ ಒಂದು ಮಾತು ಕೇಳಲಿಲ್ಲ ಕಣಲೇ ನಾವು," ಅಂದ.

ಮರುದಿನ ಮುರುಗೇಂದ್ರಪ್ಪ ತನ್ನ ಬಿತ್ತನೆಯ ಬೀಜದಲ್ಲೇ ಒಂದು ಚೀಲ ಕಟ್ಟಿ, ಆಳಿಗೂ ಹೇಳದೆ ತಾನೇ ಹೊತ್ತು ನಡೆದ. ಅಕ್ಕಪಕ್ಕದ ಹೊಲದವರು ಬಿತ್ತುವ ಕೂರಿಗೆ ನಿಲ್ಲಿಸಿ ನೋಡಿದರು.

ಕಾಟಮ್ಮ ಸೆರಗು ಸರಿಮಾಡಿಕೊಂಡಳು. ಮುಖದಲ್ಲಿ ಸಿಟ್ಟಿರಲಿಲ್ಲ.

"ಹಕ್ಕಲು ನಾನು ಬಗ್ಗಿ ಆಯ್ದದ್ದು ಗೌಡ್ರೆ, ಯಾರನ್ನೂ ಬೇಡಿದ್ದಲ್ಲ. ಇದನ್ನ ಇಸ್ಕಂಡ್ರೆ ಬೇಡಿದಂಗಾಗ್ತೈತೆ."

"ಈ ಸಲ ಹೊಲ ಬಿಡ್ತೀನವ್ವ, ಮೊದಲಿನಂಗೆ."

"ಬಿಡ್ರಿ. ಬರ್ತೀನಿ," ಅಂದು ಅವಳು ಹುರುಳಿಯ ಪುಟ್ಟಿ ಎತ್ತಿಕೊಂಡಳು.

ಚೀಲ ಮತ್ತೆ ಹೆಗಲಿಗೇರಿತು. ಬೀಜ ಯಾಕೆ ವಾಪಸ್ಸು ಅಂತ ದಾರಿಯಲ್ಲಿ ಯಾರೋ ಕೇಳಿದರು. "ಈ ಸಲಾನೂ ಅವಳನ್ನ ಕೇಳದೆ ಹೊತ್ಕಂಡು ಹೋಗಿದ್ದೆ," ಅಂದ ಮುರುಗೇಂದ್ರಪ್ಪ.