‘ಎನ್ನಲಾಗಿದೆ’ ಅಂದವರು ಯಾರು?

ಮಿರಗದ ಮಳೆ, ಅಂದರೆ ಮೃಗಶಿರಾ ಮಳೆ, ಹತ್ತಿರ ಬಂದಿತೆಂದರೆ ಕುರಿ ಸಾಕಿದವರಿಗೆ ಒಂದೇ ಅಂಜಿಕೆ, ಕರುಳುಬೇನೆ. ಎಳೆ ಹುಲ್ಲು ಮೇಯ್ದು ಸಂಜೆ ನೆಟ್ಟಗೆ ಮನೆಗೆ ಬಂದ ಕುರಿ, ಬೆಳಗಾಗುವುದರೊಳಗೆ ಕಾಲು ಚಾಚಿರುತ್ತದೆ. ತೊಂಬತ್ತೆರಡರ ಆ ಜೂನ್‌ನಲ್ಲಿ ದನದ ಡಾಕ್ಟರು ಲಸಿಕೆ ತೆಗೆದುಕೊಂಡು ಗಡಿಭಾಗದ ಅಲಖನೂರಿಗೆ ಬಂದಿದ್ದರು. ಮಧ್ಯಾಹ್ನದ ಮೇಲೆ ಮುಂದಿನ ಊರಿಗೆ ಹೊರಡುವವರು.

ದುಂಡವ್ವ ಮಾತ್ರ ತನ್ನ ನಲವತ್ತು ಕುರಿಗಳನ್ನು ಅವರ ಕಣ್ಣಿಗೆ ಬೀಳದಂತೆ ಅಡವಿಗೆ ಹೊಡೆಯಲು ನಿಂತಿದ್ದಳು. ಗಂಡ ಭರಮು ಚಹಾದಂಗಡಿಯಲ್ಲಿ ಪೇಪರ್ ಓದಿಸಿಕೊಂಡು ಬಂದಿದ್ದ. ‘ಲಸಿಕೆಗೆ ಹನ್ನೆರಡು ಕುರಿ ಬಲಿ!’ ಎಂದು ಮೊದಲ ಪುಟದಲ್ಲೇ, ಬೆರಳು ದಪ್ಪ ಅಕ್ಷರದಲ್ಲಿ ಬಂದಿತ್ತು. ಸತ್ತದ್ದು ಪಕ್ಕದ ಊರಿನ ಕುರಿಗಳು. ಕುರಿ ಹೊಡೆಯಲು ಜೊತೆಗಿರಲೆಂದು ಮೊಮ್ಮಗಳು ಮಲಕವ್ವನನ್ನು ಕರೆತರಲು ದುಂಡವ್ವ ಶಾಲೆಗೆ ನಡೆದಳು.

ಒಂಬತ್ತನೆಯ ವರ್ಗದ ಮಕ್ಕಳು ನೆಲದ ಮೇಲೆ ಪೇಪರ್ ಹರಡಿಕೊಂಡು ಕೆಂಪು ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದರು.

“ಅಕ್ಕೋರ, ಸಾಲಿಗೆ ಪೇಪರ ಓದಾಕ ಕಳಸೇವೇನ್ರಿ? ಅದನ್ನ ನಮ್ಮ ಮುದುಕ ಚಾದಂಗಡ್ಯಾಗ ಪುಕ್ಕಟ ಮಾಡತಾನ!” ಎಂದಳು ದುಂಡವ್ವ ಬಾಗಿಲಲ್ಲೇ ನಿಂತು.

ಮಕ್ಕಳ ಜೊತೆ, ಪಾಠ ಹೇಳುವ ಕಸ್ತೂರೆವ್ವ ಅಕ್ಕೋರೂ ನಕ್ಕರು. “ಬರ್ರಿ ಆಯಿ, ಕುಂಡರ್ರಿ. ನಿಮ್ಮ ಕುರಿ ಸುದ್ದೀನ ಓದಾಕತ್ತೀವಿ. ದಪ್ಪ ಅಕ್ಷರ ಅಂದ್ರ ಪೇಪರದವರು ಕೂಗಿ ಕರಿಯೂದು. ಕರದ್ರು, ಬಂದ್ವಿ. ಇನ್ನ ಒಳಗೇನೈತಿ ನೋಡೂನು. ಮಲಕವ್ವಾ, ಸಣ್ಣ ಅಕ್ಷರ ಓದು.”

ಮಲಕವ್ವ ಓದಿದಳು: “‘ಲಸಿಕೆ ಹಾಕಿದ್ದರಿಂದಲೇ ಕುರಿಗಳು ಸತ್ತಿವೆ ಎನ್ನಲಾಗಿದೆ.’”

“ಎನ್ನಲಾಗಿದೆ ಅಂದ್ರ ಏನಬೇ?”

“ಹಂಗಂತಾರ ಅಂತ, ಆಯಿ.”

“ಯಾರಂತಾರ?”

ಮಲಕವ್ವ ಸಾಲಿನ ಮೇಲೆ ಬೆರಳಾಡಿಸಿ ಹುಡುಕಿದಳು. “ಹೆಸರಿಲ್ಲ.”

ದುಂಡವ್ವ ಅಕ್ಷರ ಕಲಿತವಳಲ್ಲ, ಕೇಳಿ ಕಲಿತವಳು. ಶ್ರಾವಣದಲ್ಲಿ ಗುಡಿಯ ಕಟ್ಟೆಗೆ ಒರಗಿ ಭಜನೆಯ ಪದ ಕೇಳುತ್ತ ಕುಳಿತರೆ ಕಡೆಯ ಪದ ಮುಗಿಯುವ ತನಕ ಏಳುವವಳಲ್ಲ. ಪದದ ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ; ಇದು ಇಂಥವರ ಮಾತು ಎಂದು ಆಗ ಗೊತ್ತಾಗುತ್ತದೆ.

“ಇದಕ್ಕ ಅಂಕಿತಾನ ಇಲ್ಲಲ್ರಿ!” ಎಂದಳು.

“ಎಂಟ ದಿನದಿಂದ ನಾ ಕಲಸಾಕತ್ತಿದ್ದನ್ನ ಆಯಿ ಒಂದ ಮಾತಿನ್ಯಾಗ ಹೇಳಿಬಿಟ್ರು ನೋಡ್ರಿ,” ಎಂದ ಅಕ್ಕೋರು, ಅದೇ ದಿನದ ಮರಾಠಿ ಪೇಪರ್ ತೆಗೆದು ಓದಿ ಹೇಳಿದರು. ಅದೇ ಸುದ್ದಿ, ಪುಟದ ಕೆಳಮೂಲೆಯಲ್ಲಿ. ಅಲ್ಲಿ ಡಾಕ್ಟರ್ ಆಬಾಸಾಹೇಬರ ಹೆಸರಿತ್ತು. ಲಸಿಕೆಗೆ ಮೊದಲೇ ಆ ಕುರಿಗಳಿಗೆ ಬೇನೆ ಹತ್ತಿತ್ತು ಎಂದು ಅವರು ಹೇಳಿದ್ದರು.

“ಹಂಗಾರ ಇದ ಖರೆ?”

“ಹೆಸರಿದ್ದ ಮಾತ್ರಕ್ಕ ಖರೆ ಅಂತಲ್ಲ, ಆಯಿ. ಹೆಸರಿದ್ರ ಹೋಗಿ ಕೇಳಬಹುದು. ಆ ಡಾಕ್ಟರ ಈಗ ಚಾವಡಿ ಮುಂದ ಅದಾರ.”

ದುಂಡವ್ವ ಸೆರಗು ಸಿಕ್ಕಿಸಿ ಸೀದಾ ಚಾವಡಿಗೆ ಹೋದಳು. “ಪೇಪರದಾಗ ಹೇಳಿದವರು ನೀವ ಏನ್ರಿ?”

“ನಾನ, ಯವ್ವಾ. ಲಸಿಕಿ ಜಡ್ಡು ಬರದಂಗ ತಡೀತೈತಿ, ಬಂದ ಜಡ್ಡು ಬಿಡಸೂದಿಲ್ಲ. ಅಲ್ಲಿ ಜಡ್ಡು ಮೊದಲ ಹೊಕ್ಕಿತ್ತು, ನನಗ ಯಾರೂ ಹೇಳಲಿಲ್ಲ. ನಿಮ್ಮ ಕುರಿ ತರ್ರಿ, ಮೊದಲ ಮೈ ನೋಡತೀನಿ.”

ದುಂಡವ್ವ ಕುರಿ ತಂದಳು, ಡಾಕ್ಟರು ಮೈ ನೋಡಿದರು. ಮಂಕಾಗಿದ್ದ ಎರಡನ್ನು ಬೇರೆ ಕಟ್ಟಿಸಿ, ಉಳಿದ ಮೂವತ್ತೆಂಟಕ್ಕೆ ಸೂಜಿ ಮಾಡಿದರು.

“ಪೇಪರದವರು ಸುಳ್ಳ ಬರದಾರೇನ?” ಎಂದು ಭರಮು ಗೊಣಗಿದ.

“ಸುಳ್ಳಂತ ಯಾರಂದ್ರು? ನೀ ಅರ್ಧಾ ಓದಿಸಿಕೊಂಡ ಬಂದಿ. ಮೊದಲ ಆ ಟಗರಿನ ಕಾಲ ಗಟ್ಟಿ ಹಿಡಿ!”

ಆ ಮಳೆಗಾಲ ಮುಗಿದಾಗ ಹಟ್ಟಿಯಲ್ಲಿ ಸೂಜಿ ಮಾಡಿಸಿಕೊಂಡ ಮೂವತ್ತೆಂಟೂ ಇದ್ದವು.

ಓದುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ಪೇಪರ್ ಕೈಗೆ ಬಂದಾಗ ದಪ್ಪ ಅಕ್ಷರಕ್ಕೇ ನಿಲ್ಲಬೇಡಿ. ಮಾತು ಯಾರದು, ಎಲ್ಲಿಯದು, ಎಂದಿನದು ಎಂದು ನೋಡಿರಿ. ಸಾಧ್ಯವಾದರೆ ಇನ್ನೊಂದು ಪೇಪರನ್ನೂ ಪಕ್ಕಕ್ಕೆ ಇಡಿರಿ. ಓದಲು ಬಾರದಿದ್ದರೆ ನಾಚಿಕೆ ಬೇಡ. ಮಕ್ಕಳನ್ನು ಕೂರಿಸಿಕೊಂಡು ಓದಿಸಿರಿ, ಕೇಳುವುದನ್ನು ನೀವು ಕೇಳಿರಿ. ಉತ್ತರ ಸಿಗುವ ತನಕ ಸುದ್ದಿಯನ್ನು ನಂಬಲೂ ಬೇಡಿ, ಮತ್ತೊಬ್ಬರ ಮನೆಗೆ ಮುಟ್ಟಿಸಲೂ ಬೇಡಿ.