ಹಿಂದಿನ ಸೀಟಿನ ಭಾರ

ನಾನು ಒಂದು ವಿಮಾನ. ಗಾಬರಿ ಬೇಡ, ನನ್ನಲ್ಲಿ ಕಿಟಕಿ ಸೀಟಿಗಾಗಿ ಜಗಳವಿಲ್ಲ, ಏಕೆಂದರೆ ಸೀಟೇ ಇಲ್ಲ. ಈ ತುದಿಯಿಂದ ಆ ತುದಿಗೆ ಎರಡೂವರೆ ಮೊಳ ರೆಕ್ಕೆ, ಮೂಗಿನಲ್ಲಿ ಮೋಟಾರು, ಹೊಟ್ಟೆಯಲ್ಲಿ ಬ್ಯಾಟರಿ. ನೆಲದ ಮೇಲೆ ನಿಂತವರು ರಿಮೋಟ್ ಹಿಡಿದು ಆಡಿಸಿದ ಹಾಗೆ ಆಡುವ ಜಾತಿ ನಮ್ಮದು.

ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಮೈ ಬಾಲ್ಸಾ ಎಂಬ ಮರದ್ದು, ಹೊದಿಕೆ ಕೆಂಪು ಹಾಳೆಯದು. ಹುಟ್ಟಿನಿಂದಲೇ ಹಗುರ. ಹಾಗಾಗಿ ಯಾರಾದರೂ ನನ್ನ ಬಗ್ಗೆ ಹಗುರವಾಗಿ ಮಾತಾಡಿದರೆ ಬೇಸರವಿಲ್ಲ. ನನ್ನನ್ನು ಆರು ತುಂಡು ಮಾಡಿ ಪೆಟ್ಟಿಗೆಯಲ್ಲಿ ಮಲಗಿಸಿ, ಮೇಲೆ 'ಹಾರಲು ಬಹುತೇಕ ಸಿದ್ಧ' ಎಂದು ಅಚ್ಚು ಹಾಕಿದರು. ಈ 'ಬಹುತೇಕ' ಬಹಳ ಉಪಕಾರಿ ಪದ. ಹೋಟೆಲಿನವನು ದೋಸೆ ಬಹುತೇಕ ಸಿದ್ಧ ಅಂದರೆ ಹಿಟ್ಟು ಇನ್ನೂ ರುಬ್ಬಬೇಕು ಎಂದು ಅರ್ಥ.

ಹುಬ್ಬಳ್ಳಿಯ ಒಂದು ಆಟಿಕೆ ಅಂಗಡಿಯ ಅಟ್ಟದಲ್ಲಿ ಎರಡು ವರ್ಷ ಬಹುತೇಕ ಸಿದ್ಧವಾಗಿಯೇ ಕಳೆದೆ. ಆಮೇಲೆ ನನ್ನನ್ನು ಇಳಿಸಿಕೊಂಡವರು ಗದಗಿನ ಗುರುಪಾದಪ್ಪ ಹೊಸಮನಿ. ಮೂವತ್ತೊಂದು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ಅಷ್ಟೂ ವರ್ಷ ಒಂದೂ ಅಪಘಾತವಿಲ್ಲ ಎಂದು ಅವರಿಗೆ ಬೆಳ್ಳಿ ಪದಕ ಕೊಟ್ಟಿದ್ದರು. ದಿನಾ ಬೆಳಿಗ್ಗೆ ಅದನ್ನು ಪಂಚೆಯ ಅಂಚಿನಿಂದ ಒರೆಸುತ್ತಿದ್ದರು. ಒರೆಸಿದಷ್ಟೂ ಪದಕ ಹೊಳೆಯುತ್ತಿತ್ತು, ಒರೆಸಿದವರು ಮಂಕಾಗುತ್ತಿದ್ದರು. ನಾನು ವಸ್ತು. ನೋಡುವುದಷ್ಟೇ ನನ್ನ ಕೆಲಸ, ಕೇಳುವುದಲ್ಲ.

ಕೇಳುವ ಕೆಲಸ ಇಮಾಮಸಾಬ ನದಾಫರದು. ಅದೇ ಬಸ್ಸಿನಲ್ಲಿ ಹದಿನೆಂಟು ವರ್ಷ ಕಂಡಕ್ಟರ್ ಆಗಿದ್ದವರು.

"ಅಲ್ಲೋ ಗುರಪಾದಣ್ಣ, ಈ ವಯಸ್ಸಿನ್ಯಾಗ ಇಮಾನ ಯಾಕ ಬೇಕಾತು? ಮಂದಿ ನಮ್ಮ ತಲಿ ಹಾರೇತಿ ಅಂತಾರ."

"ರಸ್ತೆದಾಗ ನಾಯಿ, ಆಡು, ಎತ್ತು, ಕುಡುಕರು. ಮ್ಯಾಲ ಏನೈತಿ? ಬಯಲು. ಯಾರಿಗೂ ಬಡಿಯೂದಿಲ್ಲ. ಸಾಯೂತನಾ ಓಡಸಬೇಕು, ಆದ್ರ ಗಾಡಿ ಮ್ಯಾಲ ಒಂದ ಗೆರಿ ಬೀಳಬಾರದು."

ನದಾಫ್ ಆಗ ತಮ್ಮ ಚಪ್ಪಲಿ ನೋಡಿಕೊಂಡರು.

ಜಗಲಿಯ ಮೇಲೆ ನನ್ನ ಜೋಡಣೆ ಶುರುವಾಯಿತು. ಎರಡು ಅರ್ಧ ರೆಕ್ಕೆಗಳ ನಡುವೆ ಸರಳು ತೂರಿಸಿ, ಎರಡು ಟ್ಯೂಬಿನ ಅಂಟು ಕಲಸಿ ಕೂಡಿಸಿದರು. ಬಾಲವನ್ನು ಅಂಟಿಸುವಾಗ ಅದು ರೆಕ್ಕೆಗೆ ಸಮವಾಗಿದೆಯೇ ಎಂದು ಗುರುಪಾದಪ್ಪ ನೆಲದ ಮೇಲೆ ಬೋರಲು ಮಲಗಿ ಒಂದು ಕಣ್ಣು ಮುಚ್ಚಿ ನೋಡಿದರು. ನದಾಫ್ ಇನ್ನೊಂದು ಕಣ್ಣು ಮುಚ್ಚಿ ನೋಡಿದರು. ಇಬ್ಬರಿಗೂ ಬೇರೆ ಬೇರೆ ಕಡೆ ವಾರೆ ಕಂಡಿತು. ಜಗಳವಾಡುವಷ್ಟರಲ್ಲಿ ಅಂಟು ಆರಿಹೋಗಿ, ಬಾಲ ತಾನೇ ತೀರ್ಪು ಕೊಟ್ಟುಕೊಂಡು ನೆಟ್ಟಗೆ ನಿಂತಿತ್ತು.

ಆಮೇಲೆ ತೂಕದ ಪರೀಕ್ಷೆ. ರೆಕ್ಕೆಯ ಮುಂದಿನ ಅಂಚಿನಿಂದ ಎಂಟು ಸೆಂಟಿಮೀಟರ್ ಹಿಂದೆ, ಅಡಿಯಿಂದ ಎರಡು ಬೆರಳು ಕೊಟ್ಟು ಎತ್ತಿದರೆ ನಾನು ಸಮವಾಗಿ ನಿಲ್ಲಬೇಕು. ಮೂಗು ಕೊಂಚ ತಗ್ಗಿದರೂ ನಡೆದೀತು, ಬಾಲ ಮಾತ್ರ ತಗ್ಗಬಾರದು. ಮೂಗು ಭಾರದ ವಿಮಾನ ಮಂಕಾಗಿ ಹಾರುತ್ತದೆ, ಬಾಲ ಭಾರದ ವಿಮಾನ ಒಮ್ಮೆ ಮಾತ್ರ ಹಾರುತ್ತದೆ. ಗುರುಪಾದಪ್ಪ ಎತ್ತಿದರು. ನನ್ನ ಬಾಲ ಧೊಪ್ಪನೆ ಕೆಳಗೆ ಬಂತು.

"ಹಿಂದಿನ ಸೀಟಿನ್ಯಾಗ ಮಂದಿ ಭಾಳ ತುಂಬ್ಯಾರ!" ನದಾಫರಿಗೆ ಹಳೆಯ ಗಂಟಲು ವಾಪಸು ಬಂತು. "ಮುಂದ ನಡೀರಿ, ಮುಂದ ಖಾಲಿ ಐತಿ! ಏ ಬ್ಯಾಟರಿಯಪ್ಪಾ, ನಿನಗ ಹೇಳೂದು, ಮುಂದ ಸರಿ!"

ಬ್ಯಾಟರಿ ಮುಂದೆ ಸರಿಯಿತು. ಸಾಲದ್ದಕ್ಕೆ ಟಯರ್ ಅಂಗಡಿಯಿಂದ ಚಕ್ರದ ಸಮತೋಲಕ್ಕೆ ಹಾಕುವ ಸೀಸದ ಎರಡು ತುಂಡು ತಂದು ಮೂಗಿನೊಳಗೆ ಅಂಟಿಸಿದರು. ನಾನು ಬೆರಳ ಮೇಲೆ ಸಮವಾಗಿ ನಿಂತೆ. ಗುರುಪಾದಪ್ಪ ಕೆಳಗಿಳಿಸಲೇ ಇಲ್ಲ, ಬಹಳ ಹೊತ್ತು ಹಾಗೇ ಹಿಡಿದುಕೊಂಡಿದ್ದರು.

"ಎಷ್ಟ ಹಗರ ಆತು ನೋಡೋ ಇಮಾಮ," ಅಂದರು.

ಎರಡು ತುಂಡು ಸೀಸ ಸೇರಿಸಿದ ಮೇಲೆ ಹಗುರವಾಯಿತು ಅನ್ನುವವರನ್ನು ನಾನು ನೋಡಿದ್ದು ಅದೇ ಮೊದಲು.

ಹಾರಾಟಕ್ಕೆ ಭಾನುವಾರ ಗೊತ್ತಾಯಿತು. ಊರಾಚೆಯ ಬಯಲಿನಲ್ಲಿ ಶಕುಂತಲಾ ಕಟ್ಟಿಮನಿ ಎಂಬ ಪಾಲಿಟೆಕ್ನಿಕ್ ಮೇಡಂ ಆಸಕ್ತರಿಗೆ ವಿಮಾನ ಕಲಿಸುತ್ತಿದ್ದರು. ಅವರು ನನ್ನ ರೆಕ್ಕೆ ಬಾಲಗಳನ್ನೆಲ್ಲ ಅಲುಗಾಡಿಸಿ, ಬೆರಳ ಮೇಲೆ ನಿಲ್ಲಿಸಿ, "ಪರ್ಫೆಕ್ಟ್ ಬ್ಯಾಲೆನ್ಸ್ ಐತ್ರಿ ಹೊಸಮನಿಯವರ," ಅಂದರು. ತಾವೇ ಮೇಲೇರಿಸಿದರು. ನಾನು ಹಾರಿದೆ. ಅದರ ಬಗ್ಗೆ ನಾಲ್ಕು ಪುಟ ಬರೆಯಬಹುದು, ಆದರೆ ಹಾರಿದವರೆಲ್ಲ ಬರೆಯುವುದು ಅದನ್ನೇ.

"ಈಗ ನೀವು ಹಿಡೀರಿ. ಎಡಗೈ ಬೆರಳಿಗೆ ವೇಗ, ಬಲಗೈ ಬೆರಳಿಗೆ ತಿರುವು. ನಾ ಹೇಳಿದಂಗ ಮಾಡಿದ್ರ ಸಾಕು."

ಗುರುಪಾದಪ್ಪ ನನ್ನನ್ನು ಒಂದು ಸುತ್ತು ಚೆನ್ನಾಗಿಯೇ ತಂದರು. ಎರಡನೆಯ ಸುತ್ತಿನಲ್ಲಿ ಗಾಳಿ ನನ್ನನ್ನು ಬಯಲಂಚಿನ ಬೇವಿನ ಮರದತ್ತ ನೂಕಿತು. ಮೇಡಂ ಬಲಕ್ಕೆ ತಿರುಗಿಸಿರಿ ಅನ್ನಬೇಕಿತ್ತು. ಅವಸರದಲ್ಲಿ ಕೂಗಿದರು:

"ರೈಟ್! ರೈಟ್!"

ಮೂವತ್ತೊಂದು ವರ್ಷ 'ರೈಟ್ ರೈಟ್' ಕೇಳಿದ ಕಿವಿ ಅದು. ಆ ಕಿವಿಗೆ ಅದರ ಅರ್ಥ ಒಂದೇ: ಬಿಡು ಗಾಡಿ. ಎಡಗೈ ಬೆರಳು ವೇಗವನ್ನು ತುದಿಗೆ ನೂಕಿತು.

"ರೈಟ್ ರೀ! ರೈಟ್!" ಮೇಡಂ ಚೀರಿದರು.

"ರೈಟ್ ಅಂತ ಹೇಳಾಕತ್ತಾರಲ್ಲೋ, ಜಗ್ಗು!" ನದಾಫ್ ಅಭ್ಯಾಸಬಲದಿಂದ ನೀರಿನ ಕ್ಯಾನಿಗೆ ಎರಡು ಸಲ ಬಡಿದರು.

ಡಬಲ್ ಬೆಲ್ ಕೂಡ ಸಿಕ್ಕ ಮೇಲೆ ಇನ್ನೇನು? ನಾನು ಪೂರ್ತಿ ವೇಗದಲ್ಲಿ ಬೇವಿನ ಮರಕ್ಕೆ ಹೊಕ್ಕೆ. ಎಡ ರೆಕ್ಕೆ ಕೊಂಬೆಯಲ್ಲೇ ಉಳಿಯಿತು, ಉಳಿದ ನಾನು ಬುಡಕ್ಕೆ ಬಂದೆ.

ಮೊದಲು ಓಡಿ ಬಂದವರು ನದಾಫ್. ಸರ್ವೀಸಿನ ಬುದ್ಧಿ ಕೂಡಲೇ ಎಚ್ಚೆತ್ತಿತು. "ಮೇಡಮ್ಮಾರ, ಹಿಂಗ ಬರಕೋರಿ: ವಾಹನ ತನ್ನ ಬಾಜೂಕ ಹೊಂಟಿತ್ತು, ಗಿಡಾನ ಅಡ್ಡ ಬಂತು."

"ಸುಮ್ನಿರೋ ಇಮಾಮ," ಗುರುಪಾದಪ್ಪ ನನ್ನ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ತಪ್ಪು ನಂದು."

ಆಕಾಶ ಬೀಳಲಿಲ್ಲ, ಬಿದ್ದದ್ದು ನಾನೊಬ್ಬನೇ. ಅವರು ತಮ್ಮ ಮಾತನ್ನೇ ಇನ್ನೊಮ್ಮೆ ರುಚಿ ನೋಡುವವರಂತೆ ಅಂದರು: "ತಪ್ಪು ನಂದು. ಆ ಆಡಿಂದೂ ನಂದ ತಪ್ಪು."

ನದಾಫ್ ಸುತ್ತ ನೋಡಿದರು. "ಹನ್ನೊಂದು ವರ್ಷ ಆತು ಮಾರಾಯಾ. ಯಾರಿಗೂ ಗೊತ್ತಿಲ್ಲದ್ದನ್ನ..."

"ನಿನಗ ಗೊತ್ತೈತಿ. ನನಗ ಗೊತ್ತೈತಿ. ಇಬ್ಬರಾದ್ರಲ್ಲ!"

ವಿಷಯ ಇಷ್ಟು: ಹನ್ನೊಂದು ವರ್ಷದ ಹಿಂದೆ ಕಲ್ಲೂರ ಕ್ರಾಸಿನಲ್ಲಿ ಬಸ್ಸು ಒಂದು ಆಡಿಗೆ ಬಡಿದಿತ್ತು. ನಿಲ್ಲಿಸಿದರೆ ವರದಿ, ವರದಿಯಾದರೆ ಪದಕವಿಲ್ಲ. ನದಾಫ್ ಡಬಲ್ ಬೆಲ್ ಕೊಟ್ಟರು, ಗುರುಪಾದಪ್ಪ ಗೇರು ಹಾಕಿದರು.

ಇಬ್ಬರೂ ಮನೆಗೆ ಹೋಗಲಿಲ್ಲ. ಕೊಂಬೆಯ ರೆಕ್ಕೆಯನ್ನೂ ಇಳಿಸಿ, ನನ್ನ ಚೂರುಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಕೊಂಡು, ಆ ದಾರಿಯ ಬಸ್ಸು ಹತ್ತಿ ಕಲ್ಲೂರ ಕ್ರಾಸಿನಲ್ಲಿ ಇಳಿದರು. ಕ್ರಾಸಿನ ಪಕ್ಕದ ಮನೆಯ ಕಟ್ಟೆಯ ಮೇಲೆ ಗಾಳೆವ್ವ ಎಂಬ ಮುದುಕಿ ಜೋಳ ಹಸನು ಮಾಡುತ್ತಿದ್ದಳು. ವಿಚಾರಿಸಿದರೆ ಆಡು ಅವಳದೇ. ಗುರುಪಾದಪ್ಪ ನಿಂತೇ ಎಲ್ಲ ಹೇಳಿದರು. ಅವಳು ಮೊರ ಕೆಳಗಿಡಲಿಲ್ಲ.

"ಗೊತ್ತೈತಿ ಬಿಡೋ ತಮ್ಮಾ. ಕಟ್ಟಿ ಮ್ಯಾಲ ಕುಂತ ನೋಡೇನಿ."

"ಗೊತ್ತಿತ್ತಾ? ಮತ್ತ ಯಾಕ ಅರ್ಜಿ ಕೊಡಲಿಲ್ಲ ಯವ್ವಾ?"

"ಅರ್ಜಿ ಕೊಟ್ಟರ ನಿನ್ನ ನೌಕರಿ ಹೋಗತಿತ್ತು, ನನ್ನ ಆಡೇನ ಎದ್ದು ಬರತಿದ್ದಿಲ್ಲ. ವಾರಾ ಸಂತಿಗೆ ನಿನ್ನ ಬಸ್ಸಿನ್ಯಾಗ ಬರತಿದ್ದೆ. ನಿನ್ನ ಹಿಂದಿನ ಸೀಟಿನ್ಯಾಗ ಕುಂದರತಿದ್ದೆ. ಇವತ್ತ ಹೇಳತಾನ, ನಾಳೆ ಹೇಳತಾನ ಅಂತ ನೋಡಿದೆ. ನೀ ತಿರುಗಿ ಸೈತ ನೋಡಲಿಲ್ಲ."

ಗುರುಪಾದಪ್ಪ ಕಟ್ಟೆಯ ತುದಿಗೆ ಕೂತುಬಿಟ್ಟರು.

"ಆಡು ಕೊಡಸ್ತೇನಿ ಯವ್ವಾ."

"ಆಡು ಮೇಯಸಾಕ ಈಗ ನನಗ ಕಾಲೆಲ್ಲಿ ಅದಾವ? ಆ ಚೀಲದಾಗ ಕೆಂಪಂದು ಏನದು?"

ಹೀಗೆ ನಾನು ಕೈ ಬದಲಿಸಿದೆ. ಮುರಿದ ರೆಕ್ಕೆಗೆ ಜಾಲಿ ಕಡ್ಡಿ ಕಟ್ಟಿ, ಗಾಳೆವ್ವನ ಜೋಳದ ಹೊಲದ ನಡುವೆ ಬಿದಿರು ಗಳುವಿನ ತುದಿಗೆ, ಗಾಳಿಗೆ ತಿರುಗುವ ಹಾಗೆ ನನ್ನನ್ನು ಸಿಕ್ಕಿಸಿದರು. ಹಾರಲು ಹುಟ್ಟಿದವನಿಗೆ ಈಗ ಹಾರುವವರನ್ನು ಹೆದರಿಸುವ ನೌಕರಿ. ಬಿಸಿಲಿಗೆ ಕೆಂಪು ಬಣ್ಣ ಬಿಳಿಚಿಕೊಂಡಿದೆ, ಗಾಳಿ ಬಂದ ಕಡೆಗೆ ಮೂಗು ತಿರುಗಿಸಿ ನಿಲ್ಲುತ್ತೇನೆ. ಗಿಳಿಗಳು ಎರಡು ದಿನ ಹೆದರಿದವು. ಮೂರನೆಯ ದಿನದಿಂದ ನನ್ನ ಬೆನ್ನ ಮೇಲೆಯೇ ಕೂತು ಯಾವ ತೆನೆ ಬಲಿತಿದೆ ಎಂದು ನೋಡುತ್ತವೆ. ನನಗೆ ದೂರಿಲ್ಲ. ಕೊನೆಗೂ ಪ್ರಯಾಣಿಕರು ಸಿಕ್ಕರು.

ತೆನೆಯ ಕಾಳಿಗೆ ಹಾಲು ತುಂಬುವ ದಿನಗಳಲ್ಲಿ ಗುರುಪಾದಪ್ಪ ವಾರಕ್ಕೆರಡು ಸಲ ಬಸ್ಸು ಹತ್ತಿ ಬರುತ್ತಾರೆ. ಗಾಳೆವ್ವ ಬದುವಿನ ಮೇಲೆ ಕೂತಿರುತ್ತಾಳೆ, ನದಾಫ್ ಕಲ್ಲು ಆರಿಸಿ ಕೊಡುತ್ತಾರೆ, ಗುರುಪಾದಪ್ಪ ಕವಣೆ ಬೀಸುತ್ತಾರೆ. ಈವರೆಗೆ ಒಂದು ಕಲ್ಲೂ ಗುರಿ ಮುಟ್ಟಿಲ್ಲ. ಪ್ರತಿ ಸಲವೂ ಅವರು ಕೈ ಎತ್ತಿ, ಇಡೀ ಹೊಲಕ್ಕೆ ಕೇಳುವ ಹಾಗೆ ಕೂಗುತ್ತಾರೆ:

"ತಪ್ಪಾತ ಯವ್ವಾ, ತಪ್ಪಾತು!"

ಕಲ್ಲಿಗೂ ಹೆದರದ, ನನಗೂ ಹೆದರದ ಗಿಳಿಗಳು ಆ ಕೂಗಿಗೆ ಒಂದೇ ಸಲ ಎದ್ದು ಹಾರಿಹೋಗುತ್ತವೆ.