ಬದು ಕಿತ್ತ ಹೊಲ

ಇಳಿಜಾರಿನ ಹೊಲವನ್ನು ಅಪ್ಪ ತಾನು ಗಟ್ಟಿಯಿದ್ದಾಗಲೇ ಇಬ್ಬರು ಹೆಣ್ಣುಮಕ್ಕಳಿಗೆ ಹಂಚಿಕೊಟ್ಟಿದ್ದ. ಮೇಲಿನದು ಅಕ್ಕನಿಗೆ, ಕೆಳಗಿನದು ತಂಗಿಗೆ. ಮೇಲಿನ ಹೊಲದ ಅಡ್ಡಕ್ಕೆ, ಮಳೆನೀರು ತಡೆಯಲು, ಅವನೇ ಕಲ್ಲು ಹೊತ್ತು ಕಟ್ಟಿದ ಬದುಗಳಿದ್ದವು.

ಅಪ್ಪ ಹೋದ ಮೇಲೆ ಭಾವನಿಗೆ, ಅಂದರೆ ಅಕ್ಕನ ಗಂಡನಿಗೆ, ಆ ಬದುಗಳು ಕಣ್ಣಿಗೆ ಚುಚ್ಚತೊಡಗಿದವು. ಟ್ರ್ಯಾಕ್ಟರ್ ತಿರುಗಿಸುವುದು ಕಷ್ಟ, ನೆಲ ಬೇರೆ ದಂಡ ಎಂದು ಒಂದು ಬೇಸಿಗೆಯಲ್ಲಿ ಎಲ್ಲವನ್ನೂ ಕೀಳಿಸಲು ನಿಂತ. ಸುದ್ದಿ ತಿಳಿದ ತಂಗಿ ಅಕ್ಕನ ಹತ್ತಿರ ಓಡಿದಳು.

"ಭಾವನಿಗೆ ನೀನಾದ್ರೂ ಹೇಳೇ. ಜೋರು ಮಳೆ ಬಂದ್ರೆ ಮಣ್ಣು ನಿಲ್ಲಲ್ಲ."

"ಕೊಚ್ಕೊಂಡು ಬಂದ್ರೆ ನಿನ್ನ ಹೊಲಕ್ಕೇ ತಾನೆ ಬರೋದು? ಕೂತಲ್ಲೇ ಲಾಭ ನಿನಗೆ," ಎಂದು ಅಕ್ಕ ನಕ್ಕಳು.

ತಂಗಿಗೂ ನಗು ಬಂತು. ಮಾತು ಅಲ್ಲಿಗೇ ನಿಂತಿತು. ಭಾವ ಬದುಗಳನ್ನೆಲ್ಲ ಕೀಳಿಸಿದ.

ಎರಡು ವರ್ಷ ಬೆಳೆ ಚೆನ್ನಾಗಿಯೇ ಬಂತು. ನಾದಿನಿ ಎದುರು ಸಿಕ್ಕಾಗಲೆಲ್ಲ ಭಾವ ಮೀಸೆಯಡಿ ನಗುತ್ತಿದ್ದ. ಮೂರನೇ ವರ್ಷ ಬಿತ್ತನೆ ಮುಗಿಯುತ್ತಿದ್ದಂತೆ ಆಕಾಶವೇ ತೂತಾದಂತೆ ಮಳೆ ಸುರಿಯಿತು. ಮಳೆ ನಿಂತಾಗ ತಂಗಿಯ ಮೊಳಕೆಗಳೆಲ್ಲ ಕೆಸರಿನಡಿ ಹೂತುಹೋಗಿದ್ದವು. ಮೇಲೆ ಅಕ್ಕನ ಹೊಲದಲ್ಲಿ ಬರೀ ಗರಸು, ಕೊರಕಲು. ಭಾವ ಒಮ್ಮೆ ಬಂದು ನೋಡಿದವನು ಮತ್ತೆ ಅತ್ತ ತಲೆ ಹಾಕಲಿಲ್ಲ.

ಅಕ್ಕ ಮಾತ್ರ ಬುಟ್ಟಿ ಹಿಡಿದು ಇಳಿದು ಬಂದಳು. "ನನ್ನ ಮಣ್ಣು ವಾಪಸ್ ತಗೊಂಡು ಹೋಗ್ತೀನಿ ಕಣೇ."

"ತಗೊ ಅಕ್ಕಾ," ಎಂದು ತಂಗಿ ಸಲಿಕೆ ತಂದಳು.

ಬಿಸಿಲು ಬಿದ್ದಾಗಲೆಲ್ಲ ಇಬ್ಬರೂ ಹೊತ್ತರು. ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆಯಾಯಿತು. ಸಾರವಿದ್ದ ಮಣ್ಣೆಲ್ಲ ಹಳ್ಳ ಸೇರಿತ್ತು. ತಂಗಿಯ ಹೊಲದಲ್ಲಿ ನಿಂತದ್ದು ಹೆಚ್ಚಾಗಿ ಮರಳು. ಅಕ್ಕ ಆದರೂ ಬಿತ್ತಿದಳು. ಪೈರು ಗೇಣುದ್ದ ಎದ್ದು, ಹಳದಿಯಾಗಿ, ಮಲಗಿತು.

"ಹುಲ್ಲು ಹಾಕೋಣ," ತಂಗಿ ಮೆಲ್ಲಗೆ ಹೇಳಿದಳು. "ಬೇರು ಇಳಿದ್ರೆ ಇರೋ ಮಣ್ಣಾದ್ರೂ ಉಳಿಯುತ್ತೆ. ಬದುನೂ ಮತ್ತೆ ಕಟ್ಟೋಣ."

"ಬೆಳೆ ಯಾವಾಗ?"

ತಂಗಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಮ್ಮ ಕಾಲಕ್ಕೆ ಆಗಲ್ಲ ಅಕ್ಕಾ."

ಅಕ್ಕ ಬುಟ್ಟಿಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು.

ಹುಲ್ಲನ್ನು ತಂಗಿ ಒಬ್ಬಳೇ ನೆಟ್ಟಳು. ಅಕ್ಕ ಈಗ ಬೇರೆಯವರ ಹೊಲಕ್ಕೆ ಕಳೆ ಕೀಳಲು ಹೋಗುತ್ತಾಳೆ. ನೇರ ದಾರಿಯಲ್ಲಿ ತನ್ನ ಹೊಲ ಸಿಗುತ್ತದೆಂದು, ಮೊಣಕಾಲು ನೋವಿದ್ದರೂ, ಕೆರೆ ಬಳಸಿಕೊಂಡು ಹೋಗುತ್ತಾಳೆ.